ಕಾಕಾನ ಕರಿ ಚಷ್ಮಾ

ಮೊನ್ನೆ ಟ್ರಂಕಿನ ತಳದಲ್ಲಿ ಕಾಕಾನ ಕರಿ ಚಷ್ಮಾ ಸಿಕ್ಕಿತು. ಒಂದು ಕಾಲು ಮುರಿದಿದೆ, ಡಾಂಬರು ಗುಳಿಗೆಯ ವಾಸನೆ ಹೊಡೆಯುತ್ತದೆ. ನೀವು ನಕ್ಕರೂ ಸರಿ, ಒಂದು ಬೇಸಿಗೆಯಲ್ಲಿ ನಮ್ಮೂರಿನ ಆರೋಗ್ಯ ಇಲಾಖೆಯೆಂದರೆ ಇದೇ ಚಷ್ಮಾ ಆಗಿತ್ತು.

ಎಂಬತ್ತರ ದಶಕದ ಮಾತು. ಆ ವರ್ಷ ಎಲ್ಲೆಡೆ ಕಣ್ಣುಬೇನೆ ಹಬ್ಬಿತ್ತು. ಮಿರಜಿನಿಂದ ಕಾಗವಾಡಕ್ಕೆ ಬಂತು, ಅಲ್ಲಿಂದ ನಮ್ಮೂರಿಗೂ ಬಂತು. ಊರ ಬಾವಿಯೇ ನಮ್ಮ ಈಜುಕೊಳ. ಯಾರು ಬೇಕಾದರೂ ಹಾರಬಹುದು. ಈಗ ಹಾರುವುದೋ ಬಿಡುವುದೋ ಎಂಬ ಪ್ರಶ್ನೆ ಎದ್ದಿತು. ಡಾಕ್ಟರು "ಸದ್ಯ ಯಾರೂ ಇಳೀಬ್ಯಾಡ್ರಿ" ಎಂದರು. ಅಷ್ಟು ಸರಳ ಮಾತನ್ನು ಒಪ್ಪಿಕೊಂಡರೆ ನಮ್ಮ ಹಿರಿಯರ ಹಿರಿತನ ಏನಾಗಬೇಕು? ಸಭೆ ಸೇರಿದರು, ಎರಡೆರಡು ಸಲ ಚಹಾ ಕುಡಿದರು, ಕೊನೆಗೆ ಬಾವಿಯ ಉಸ್ತುವಾರಿಯನ್ನು ನಮ್ಮ ಕಾಕಾನಿಗೆ ವಹಿಸಿದರು. ಕಾಕಾನ ಅರ್ಹತೆ ಸಣ್ಣದಲ್ಲ. ಚಿಂಚಲಿಯ ದನದ ಪೇಟೆಯಲ್ಲಿ ಅವನು ರೆಪ್ಪೆ ಜಗ್ಗಿ ನೋಡದ ಎತ್ತನ್ನು ನಮ್ಮೂರವರು ಕೊಳ್ಳುತ್ತಿರಲಿಲ್ಲ.

ಎತ್ತಿಗೆ ಮಾಡಿದ್ದನ್ನೇ ಮನುಷ್ಯರಿಗೂ ಮಾಡಿದ. ಬೆಳಿಗ್ಗೆ ಕರಿ ಚಷ್ಮಾ ಏರಿಸಿಕೊಂಡು ಬಾವಿಕಟ್ಟೆಯ ಮೇಲೆ ಕೂಡುವನು. ಹೆಬ್ಬೆರಳಿನಿಂದ ಒಬ್ಬನ ರೆಪ್ಪೆ ಕೆಳಗೆಳೆದು, "ಹಾಂ, ಬರೋಬರ್ ಐತಿ, ಇಳೀಲೇ" ಎನ್ನುವನು. ಅದೇ ಹೆಬ್ಬೆರಳು ಮುಂದಿನವನ ಕಣ್ಣಿಗೆ. ಕಾಲೇಜು ಕಲಿತ ನನಗೆ ಸಾಲನ್ನು ನೆಟ್ಟಗೆ ನಿಲ್ಲಿಸುವ ಹುದ್ದೆ.

ಚಷ್ಮಾದ ಹಿಂದೆ ಕಾಕಾನ ಕಣ್ಣು ಮೊದಲ ದಿನದಿಂದಲೇ ಕೆಂಪು ಮೆಣಸಿನಕಾಯಿಯಾಗಿದ್ದವು. ದಿನಾ ಕೋಣೆಯ ಬಾಗಿಲು ಹಾಕಿಕೊಂಡು ಔಷಧಿ ಹನಿಸುತ್ತಿದ್ದವನು ನಾನೇ. "ಹೊರಗ ಬಾಯಿ ಬಿಟ್ಟಿ ಅಂದ್ರ ನೋಡ, ಮನೀ ಮರ್ಯಾದಿ ಹೋಕ್ಕೈತಿ" ಎಂದಿದ್ದ. ಮನೆತನದ ಮರ್ಯಾದೆ ಬೇನೆಯ ಕಣ್ಣಿನಂತೆ ಪಿಸರು ಕಟ್ಟುವಂಥದೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ನಾಲ್ಕನೆಯ ದಿನ ಭರಮಾನ ಕಣ್ಣು ಕೆಂಪಾದವು. ಭರಮಾ ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದವನು. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ನನಗೆ ಈಜು ಕಲಿಸಿದವನೂ ಅವನೇ. ಕಾಕಾ ಎದ್ದು ನಿಂತು, "ಇವನಽ ತಂದಾನ ನೋಡ್ರಿ ಬ್ಯಾನಿ. ಎಮ್ಮೀ ಮೈ ತೊಳದು ಹಂಗಽ ಬಾವಿಗೆ ಇಳಿತಾನ" ಎಂದ. ವಾರದೊಳಗೆ ಅರ್ಧ ಊರಿನ ಕಣ್ಣು ಕೆಂಪಾದವು, ತಪ್ಪೆಲ್ಲ ಭರಮಾನದಾಯಿತು. ಅವನ ಹಾಲನ್ನು ಯಾರೂ ಮುಟ್ಟಲಿಲ್ಲ. ಮಳೆಗಾಲಕ್ಕೆ ಮೊದಲೇ ಎಮ್ಮೆ ಹೊಡೆದುಕೊಂಡು, ಅಂಕಲಿಯಲ್ಲಿರುವ ಹೆಂಡತಿಯ ತವರುಮನೆಗೆ ಹೋಗಿಬಿಟ್ಟ. ನಾನು ಸಾಲು ನೆಟ್ಟಗೆ ನಿಲ್ಲಿಸುತ್ತಲೇ ಇದ್ದೆ. ನನ್ನ ಹೇಡಿತನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಿನ್ನೆ ಚಷ್ಮಾ ಜೇಬಿಗೆ ಹಾಕಿಕೊಂಡು ಅಂಕಲಿಗೆ ಹೋದೆ. ತಲೆ ಬೆಳ್ಳಗಾದ ಭರಮಾ ಕೊಟ್ಟಿಗೆಯ ಮುಂದೆ ಕೂತಿದ್ದ. "ಬರ್ರಿ ಸಾವ್ಕಾರ್ರ" ಎಂದ. ಕಾಕಾನ ಕಣ್ಣು ನಿನಗಿಂತ ಮೊದಲೇ ಕೆಂಪಾಗಿದ್ದವು ಎಂದು ಹೇಗೋ ಹೇಳಿ ಮುಗಿಸಿದೆ.

"ಗೊತ್ತಿತ್ರಿ. ರೆಪ್ಪಿ ಜಗ್ಗಾಕ ಬಗ್ಗಿದಾಗ ಚಷ್ಮಾದ ಬಾಜೂಲೆ ಕಾಣತಿತ್ತು."

"ಮತ್ತ ಆವಾಗ ಯಾಕ ಹೇಳಲಿಲ್ಲೋ?"

"ನಾ ಹೇಳಿದ್ರ ಯಾರ ನಂಬತಿದ್ರ್ರಿ? ನೀವ ಹೇಳ್ತೀರಂತ ಕಾಯ್ಕೊಂತ ನಿಂತಿದ್ನಿ."

ನಮ್ಮೂರಿನ ಆ ಬಾವಿಯನ್ನು ಈಗ ಮುಚ್ಚಿ ದ್ರಾಕ್ಷಿ ಬಳ್ಳಿ ಹಚ್ಚಿದ್ದಾರೆ. ಅದರ ಕಟ್ಟೆಯ ಮೇಲೆ ನಿಂತು ಹೇಳಬೇಕಾಗಿದ್ದ ಮಾತನ್ನು ಇಲ್ಲಿ ನಿಮ್ಮೆದುರು ಹೇಳುತ್ತಿದ್ದೇನೆ: ಬೇನೆ ನಮ್ಮ ಮನೆಯದಾಗಿತ್ತು.