ಗೋಲು ಕಾಯುವ ಫೀಮಿ
ವಿಕ್ಟೋರಿಯಾ ರಾಣಿ ಇನ್ನೂ ಬದುಕಿದ್ದಾಗ ಕೆನಡಾದ ನಮ್ಮ ಪೆಂಬ್ರೋಕ್ ಊರಿನ ಹೆಂಗಸರ ಐಸ್ ಹಾಕಿ ಕ್ಲಬ್ಬಿನ ಗೋಲು ಕಾಯುತ್ತಿದ್ದವಳು ಬಟ್ಟೆ ಹೊಲಿಯುವ ಫೀಮಿ ಮ್ಯಾಕ್‌ನ್ಯಾಬ್. ಪಾದ ಮುಚ್ಚುವ ಲಂಗ ಮೇಲೇಳದಂತೆ ಅದರ ಅಂಚಿಗೆ ಸೀಸದ ಗುಂಡು ಹೊಲಿದುಕೊಂಡು, ಮಂಜುಗಡ್ಡೆಯ ಮೇಲೆ ಕಾವಿಗೆ ಕೂತ ಕೋಳಿಯಂತೆ ಕೂರುವಳು. ಆ ಆಟದಲ್ಲಿ ಚೆಂಡಿನ ಬದಲು ಹೊಡೆಯುವ ರಬ್ಬರ್ ಬಿಲ್ಲೆ ಲಂಗದೊಳಗೆ ನುಗ್ಗಿದರೆ ಮುಗಿಯಿತು. “ಬಿಲ್ಲೆ ಎಲ್ಲಮ್ಮಾ?” ಎಂದು ರೆಫರಿಯಾಗಿದ್ದ ಪಾದ್ರಿಗಳು ಕೇಳಿದರೆ, “ನೀವೇ ಹುಡುಕ್ಕೊಳ್ಳಿ ಸ್ವಾಮೀ” ಎನ್ನುವಳು, ಅವರು ಕೆಂಪಗಾಗಿ ಆಕಾಶ ನೋಡುವರು. ರೆನ್‌ಫ್ರೂ ತಂಡದ ಮೇಲಿನ ಫೈನಲ್‌ನಲ್ಲೂ, ಎರಡೂ ಕಡೆ ಸಮವಿದ್ದ ಕೊನೆಯ ನಿಮಿಷದಲ್ಲಿ ಬಿಲ್ಲೆ ಹಾಗೆಯೇ ಮಾಯವಾಯಿತು. “ಏಳ್ಬೇಡ್ವೇ ಫೀಮಿ!” ಎಂದು ನಾವೆಲ್ಲ ಕಿರುಚಿದೆವು. ಅವಳು ಎದ್ದಳು. ಬಿಲ್ಲೆ ಗೋಲಿನ ಗೆರೆಯಾಚೆ ಬಿದ್ದಿತ್ತು. “ಗೋಲಾಗಿದೆ, ಬರ್ಕೊಳ್ಳಿ” ಎಂದಳು. ಕಪ್ ರೆನ್‌ಫ್ರೂಗೆ ಹೋಯಿತು. ತಿಂಗಳುಗಟ್ಟಲೆ ನಾವು ಅವಳೊಡನೆ ಮಾತು ಬಿಟ್ಟೆವು. ಮುಂದಿನ ಚಳಿಗಾಲ ನಾಯಕಿಯನ್ನು ಆರಿಸುವಾಗ ಅವಳ ಹೆಸರಿಗೆ ಮೊದಲು ಎದ್ದ ಕೈ ನನ್ನದು.