ಗಿರಿಜಕ್ಕನ ಸೆರಗಿನ ವಾಸನೆ

ನಿನ್ನೆ ಹೊನ್ನಾಳಿಯಿಂದ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ. ಹೆಂಡತಿ ತೆಗೆದು ಮೂಗಿಗೆ ಹಿಡಿದಳು.

"ಈ ವಯಸ್ನಾಗೆ ಮತ್ತೆ ಶುರು ಮಾಡಿದ್ರೇನು?"

ನಾನು ಬೀಡಿ ಬಿಟ್ಟು ಎಷ್ಟೋ ವರ್ಷಗಳಾದವು. ಬಸ್ ತಡವಾಗಿ ಚಹಾದಂಗಡಿಯಲ್ಲಿ ಕೂತಿದ್ದೆ, ಪಕ್ಕದವರು ಸೇದುತ್ತಿದ್ದರು. ಹೇಳಿದೆ, ನಂಬಲಿಲ್ಲ. ನಾನೂ ಅಂಗಿ ಮೂಸಿದೆ. ಈ ವಾಸನೆಯನ್ನು ಹಿಂದೊಮ್ಮೆ ಒಬ್ಬ ಹೆಂಗಸಿನ ಸೆರಗಿನಲ್ಲಿ ಪತ್ತೆ ಹಚ್ಚಿದ ಜಾಣ ನಾನೇ.

ಎಪ್ಪತ್ತರ ದಶಕದ ಕೊನೆ. ನ್ಯಾಮತಿಯಲ್ಲಿ ನನಗೆ ಗುಮಾಸ್ತಿಕೆ, ಊಟ ಗಿರಿಜಕ್ಕನ ಖಾನಾವಳಿಯಲ್ಲಿ. ಗಂಡನಿಲ್ಲದ ಆಕೆ ಒಬ್ಬರೇ ನಡೆಸುತ್ತಿದ್ದರು. ಊಟಕ್ಕೆ ಒಂದೇ ಕೋಣೆ, ಅದಕ್ಕೊಂದೇ ಕಿಟಕಿ. ಉಂಡ ಮೇಲೆ ನಾವು ಏಳುತ್ತಿರಲಿಲ್ಲ. ಎಲೆಅಡಿಕೆ, ಬೀಡಿ, ಊರ ಸುದ್ದಿ. ಬೆಂಕಿಕಡ್ಡಿ ಉಳಿಸಲು "ಗಿರಿಜಕ್ಕಾ, ಒಂದು ಕೆಂಡ ತರ್ರಿ" ಎನ್ನುತ್ತಿದ್ದೆವು. ಆಕೆ ಇಕ್ಕಳದಲ್ಲಿ ಕೆಂಡ ಹಿಡಿದು, ಬೂದಿ ಊದಿ, ಒಬ್ಬೊಬ್ಬರ ಬೀಡಿಗೂ ಒಡ್ಡುತ್ತಿದ್ದರು. ಆಮೇಲೆ ಕೆಮ್ಮುತ್ತಿದ್ದರು. ತಣ್ಣನೆ ಗಾಳಿಯಿಂದ ಕೆಮ್ಮು ಬರುತ್ತದೆಂದು ನಾನೇ ಎದ್ದು ಕಿಟಕಿ ಮುಚ್ಚುತ್ತಿದ್ದೆ. ಅದನ್ನು ಉಪಕಾರವೆಂದೇ ತಿಳಿದಿದ್ದೆ, ನೋಡಿ.

ಕೆಮ್ಮು ಹೆಚ್ಚಿದಂತೆ ನಮ್ಮ ಗುಮಾನಿಯೂ ಹೆಚ್ಚಿತು. ಮೊದಲು ಬಾವಿಯ ನೀರಿನ ಮೇಲೆ, ಆಮೇಲೆ ಒಗ್ಗರಣೆಯ ಎಣ್ಣೆಯ ಮೇಲೆ. ಒಂದು ದಿನ ಆಕೆ ರೊಟ್ಟಿ ಬಡಿಸಲು ಬಗ್ಗಿದಾಗ ಸೆರಗಿನಿಂದ ಬೀಡಿ ವಾಸನೆ ಬಂತು. ಜೊತೆಗೆ ಉಣ್ಣುತ್ತಿದ್ದ ಅಡಿಕೆ ವ್ಯಾಪಾರಿ ರುದ್ರಪ್ಪನಿಗೆ ಹೊರಗೆ ಬಂದು, "ಕದ್ದು ಸೇದ್ತಾರೆ ಅಂತ ಕಾಣ್ತೈತೆ" ಎಂದೆ. ಅಷ್ಟೇ ಹೇಳಿದ್ದು.

ಕೆಲ ದಿನಗಳಲ್ಲಿ ಡಾಕ್ಟರು ಗಿರಿಜಕ್ಕನಿಗೆ ಹೊಗೆಯಿಂದ ದೂರವಿರಿ ಎಂದರಂತೆ. ಒಲೆ ಬಿಟ್ಟರೆ ಹೊಟ್ಟೆಗಿಲ್ಲ. ಆಕೆ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಸಿದರು: ಒಳಗೆ ಬೀಡಿ ಸೇದಬಾರದು. ಮಧ್ಯಾಹ್ನ ರುದ್ರಪ್ಪ ಅದರ ಕೆಳಗೇ ಕೂತು ಬೀಡಿ ತೆಗೆದ.

"ಹೊರಗೆ ಸೇದ್ರಿ ಅಣ್ಣಾ. ನನಗೆ ತಡಿಯಾಕೆ ಆಗಲ್ಲ."

"ಕಾನೂನು ನಮಗಷ್ಟೇ ಏನಕ್ಕಾ? ನೀವು ಒಲೆ ಮುಂದೆ ಕೂತು ಎಳೆಯೋದು ಯಾರಿಗೆ ಗೊತ್ತಿಲ್ಲ?"

ಎಲ್ಲರೂ ನಕ್ಕರು.

"ನಾನಾ? ಯಾರು ಹೇಳಿದ್ರು?"

ಆಕೆ ಒಬ್ಬೊಬ್ಬರ ಮುಖ ನೋಡುತ್ತ ಬಂದರು. ನನ್ನ ಸರದಿಗೆ ನಾನು ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ನಗಲಿಲ್ಲ ಎಂದು ಬರೆಯುವ ಆಸೆ. ನಕ್ಕಿದ್ದೆ.

ಮರುದಿನ ಗೋಡೆ ಒರೆಸಿತ್ತು. ಉಂಡಾದ ಮೇಲೆ ಆಕೆಯೇ ಕೇಳಿದರು: "ಕೆಂಡ ಬೇಕೇನ್ರಿ?"

ಆ ಬೇಸಿಗೆಯಲ್ಲಿ ಖಾನಾವಳಿ ಮುಚ್ಚಿತು. ಗಿರಿಜಕ್ಕನ ತಮ್ಮ ಬಂದು ಆಕೆಯನ್ನು ತನ್ನೂರು ಬಿಳಿಚೋಡಿಗೆ ಕರೆದೊಯ್ದ. ಬಸ್ಸು ಹತ್ತುವಾಗ ಆಕೆ ಪ್ರತಿ ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡರು. ಮುಂದೇನಾಯಿತೆಂದು ನಾನು ವಿಚಾರಿಸಲಿಲ್ಲ. ಆ ಎದೆಯನ್ನು ಒಲೆಯ ಹೊಗೆ ಎಷ್ಟು ಕೆಡಿಸಿತು, ನಮ್ಮ ಹೊಗೆ ಎಷ್ಟು ಕೆಡಿಸಿತು, ಹೇಳಲಾರೆ. ಸೆರಗಿನ ವಾಸನೆ ಮಾತ್ರ ನಮ್ಮದು.

ಹೆಂಡತಿ ಇನ್ನೂ ಅಂಗಿ ಹಿಡಿದು ನಿಂತಿದ್ದಳು. "ಬೇಕಾದ್ರೆ ಬಾಯಿ ಮೂಸಿ ನೋಡು" ಎಂದೆ. ಮೂಸಿದಳು, ನಕ್ಕಳು, ಅಂಗಿಯನ್ನು ನೀರಿಗೆ ಹಾಕಲು ಹೊರಟಳು. ನನ್ನ ಮೇಲಿನ ಅನುಮಾನ ಇಷ್ಟಕ್ಕೇ ತೀರಿತು.

"ತಡಿ" ಎಂದೆ. "ಗಿರಿಜಕ್ಕ ಅಂತ ಒಬ್ಬರಿದ್ರು. ಅವರ ಮೇಲೆ ಸುಳ್ಳು ಹೇಳಿದ್ದು ನಾನು."