ಕಾಯಿ ಒಡೆಯದೆ ಹೋದ ಮೈದುನ

ಭಾನುವಾರ ಸಂಜೆ ಐದಾಯಿತೆಂದರೆ ನಮ್ಮ ಮನೆಯ ಗಂಟೆ ಬಾರಿಸುತ್ತಿತ್ತು, ನನ್ನ ತಲೆನೋವು ಶುರುವಾಗುತ್ತಿತ್ತು. ಮೊದಲು ಮಾಸ್ತರರು ಬರುವರು. ಮರಾಠಿ ಶಾಲೆಯಲ್ಲಿದ್ದು ನಿವೃತ್ತರಾದವರು, ನಮ್ಮ ಪೇಟೆಯ ಬಾಸ್ಕೆಟ್‌ಬಾಲ್ ಮಂಡಳದ ಹಿರಿಯರು. ಸೊಲ್ಲಾಪುರದಲ್ಲಿ ಬಹಳ ಕಾಲ ಇದ್ದುದರಿಂದ ಕನ್ನಡವೂ ಬರುತ್ತಿತ್ತು. ಅವರ ಬೆನ್ನಿಗೇ ಬೆಳಗಾವಿ ಕಡೆಯ ವಿಮೆ ಏಜೆಂಟರು. ನಮ್ಮ ಮನೆಯವರಂತೂ ಕುರ್ಚಿ ಎಳೆದು ಮೊದಲೇ ಕೂತಿರುತ್ತಿದ್ದರು. ಮೂವರೂ ಮಂಡಳದ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ, ಮೂವರೂ ಜನ್ಮದಲ್ಲಿ ಚೆಂಡು ಮುಟ್ಟಿದವರೂ ಅಲ್ಲ. ಒಳಗೆ ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ.

ಚರ್ಚೆಯ ವಿಷಯ ಒಂದೇ. ನನ್ನ ಮೈದುನನನ್ನು, ಅಂದರೆ ನಮ್ಮ ಮನೆಯವರ ಬೆನ್ನಿಗೆ ಹುಟ್ಟಿದ ತಮ್ಮನನ್ನು, ಮಂಡಳ ಯಾಕೆ ಉಳಿಸಿಕೊಳ್ಳಲಿಲ್ಲ? ಅವನು ಮಂಡಳ ಬಿಟ್ಟು ದೌಂಡ ಹತ್ತಿರದ ಕುರಕುಂಭದ ಒಂದು ಕಾರಖಾನೆಯ ಟೀಮಿಗೆ ಹೋದದ್ದು ತೊಂಬತ್ತರ ದಶಕದ ನಡುವೆ. ಹೊಸ ಶತಮಾನ ಬಂತು, ಬೀದಿಯ ಎಸ್‌ಟಿಡಿ ಬೂತು ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ತೆರೆಯಿತು, ಇವರ ಮಾತು ಮಾತ್ರ ಮುಗಿಯಲಿಲ್ಲ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನುತ್ತಾರಲ್ಲ, ನಮ್ಮ ಮನೆಗೆ ಅಂಥ ದಾಸರು ಮೂವರು ಬರುತ್ತಿದ್ದರು.

"ಒಂದು ಪಕ್ಕಾ ನೌಕರಿ ಕೊಡಿಸಿದ್ರ ಅಂವಾ ಯಾಕ ಹೋಗ್ತಿದ್ದಾ?" ಏಜೆಂಟರ ಮೊದಲ ಮಾತು ಯಾವತ್ತೂ ಇದೇ.

"ನೌಕರಿ ಕೊಡಸ್ಲಿಕ್ಕೆ ಮಂಡಳ ಏನು ಸರಕಾರ ಅದ ಏನ್ರಿ?" ಮಾಸ್ತರರದು ಎರಡನೆಯದು.

"ಹುಡುಗರಿಗೆ ಡಿಫೆನ್ಸ್ ಅಂದ್ರ ಕಿಮ್ಮತ್ತಿಲ್ಲ. ಎಲ್ಲಾರಿಗೂ ಬಾಸ್ಕೆಟ್ ಹಾಕೂದಷ್ಟ ಬೇಕು," ಎಂದು ನಮ್ಮವರು. ಕಿಮ್ಮತ್ತಿನ ಮಾತು ಯಾರ ಬಾಯಲ್ಲಿ ಬರುತ್ತಿತ್ತು ನೋಡಿ! ಒಳಗಿದ್ದ ನನಗೆ ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬರಬೇಕೆನಿಸುತ್ತಿತ್ತು.

ಮೈದುನ ಧಾರವಾಡದಿಂದ ಈ ಮರಾಠಿ ಊರಿಗೆ, ನಮ್ಮ ಮನೆಗೆ ಬಂದದ್ದು ಡಿಪ್ಲೊಮಾ ಓದಲು. ಉದ್ದನೆಯ ಹುಡುಗ, ಅಡುಗೆಮನೆ ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕು. ಮಾತು ಕಡಿಮೆ. ಓದು ಮುಗಿದ ಮೇಲೆ ಪಿಂಪರಿ ಕಡೆ ಒಂದು ವರ್ಕ್‌ಶಾಪಿನಲ್ಲಿ ಟೆಂಪರರಿ ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ಮಂಡಳದ ಕೋರ್ಟಿಗೆ. ಅಲ್ಲಿ ಅವನು ಮಾಡುತ್ತಿದ್ದ ಕೆಲಸ ಒಂದೇ. ಎದುರಾಳಿಗಳಲ್ಲಿ ಯಾವನು ಚುರುಕೋ ಅವನ ಮುಂದೆ ಕೈ ಅಗಲಿಸಿ ನಿಲ್ಲುವುದು. ಆ ಹುಡುಗ ಬಲಕ್ಕೆ ತಿರುಗಿದರೆ ಇವನು ಬಲಕ್ಕೆ, ಎಡಕ್ಕೆ ತಿರುಗಿದರೆ ಎಡಕ್ಕೆ. ಸಂದಿಯಲ್ಲಿ ಅಡ್ಡ ನಿಂತ ಎಮ್ಮೆಯ ಹಾಗೆ, ಬೈದರೂ ಸರಿಯುವವನಲ್ಲ. ಕೊನೆಗೆ ಆ ಹುಡುಗ ಬೇಸತ್ತು ಚೆಂಡನ್ನು ಯಾರಿಗೋ ಎಸೆದುಬಿಡುತ್ತಿದ್ದ. ಜನ ಚಪ್ಪಾಳೆ ತಟ್ಟುವುದು ಬಾಸ್ಕೆಟ್ ಬಿದ್ದಾಗ. ಬೀಳದೆ ಹೋದ ಬಾಸ್ಕೆಟ್ಟಿಗೆ ಯಾರು ತಟ್ಟುತ್ತಾರೆ?

ಮನೆಯಲ್ಲೂ ಅವನು ಹಾಗೇ. ನಾನು ಹಾಲು ಒಲೆಯ ಮೇಲಿಟ್ಟು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ಮರೆತರೆ, ಓದುತ್ತ ಕೂತಲ್ಲಿಂದಲೇ ಎದ್ದು ಹೋಗಿ ಗ್ಯಾಸ್ ಸಣ್ಣ ಮಾಡಿ ಬಂದಿರುತ್ತಿದ್ದ. ಹೇಳುತ್ತಲೂ ಇರಲಿಲ್ಲ. ಅವನು ಮನೆಯಲ್ಲಿದ್ದಷ್ಟು ವರ್ಷ ನಮ್ಮ ಹಾಲು ಉಕ್ಕಲಿಲ್ಲ ಅನ್ನುವುದು ಅವನು ಹೋದ ಮೇಲೆ ವಾರಕ್ಕೊಮ್ಮೆ ಒಲೆ ತಿಕ್ಕುವಾಗ ನನಗೆ ತಿಳಿಯಿತು. ಆ ಹುಡುಗನ ಮೇಲೆ ನನಗೆ ಬಹಳ ಜೀವವಿತ್ತು, ಹೇಳುವುದರಲ್ಲಿ ಸಂಕೋಚವೇನು?

ಮಂಡಳದಲ್ಲಿ ಒಂದು ಪದ್ಧತಿ. ಕೋರ್ಟಿನ ಪಕ್ಕದಲ್ಲೇ ಗಣಪತಿಯ ಸಣ್ಣ ಗುಡಿ ಇತ್ತು. ಗೆದ್ದ ದಿನ ಯಾರು ಹೆಚ್ಚು ಬಾಸ್ಕೆಟ್ ಹಾಕಿದ್ದಾನೋ ಅವನು ಗುಡಿ ಮುಂದೆ ತೆಂಗಿನಕಾಯಿ ಒಡೆಯಬೇಕು, ಒಂದು ಹೋಳು ದೇವರಿಗೆ, ಇನ್ನೊಂದು ಅವನ ಮನೆಗೆ. ಪೇಟೆಯ ಹೆಂಗಸರೆಲ್ಲ ಮರುದಿನ ನಲ್ಲಿಯ ಹತ್ತಿರ ಕೇಳುವುದು ಅದನ್ನೇ, ನಿನ್ನೆ ಕಾಯಿ ಯಾರ ಮನೆಗೆ ಹೋಯಿತು ಅಂತ. ನಮ್ಮ ಮನೆಗೆ ಒಂದು ಹೋಳೂ ಬರಲಿಲ್ಲ. ಮೈದುನನಿಗೆ ಅದರ ಖಬರೇ ಇರಲಿಲ್ಲ. ಕಾಯಿ ಒಡೆಯುವಾಗ ಹಿಂದೆ ನಿಂತು ನಗುತ್ತ ಜೈಕಾರ ಹಾಕಿ ಬರುತ್ತಿದ್ದ. ಅದು ಚುಚ್ಚುತ್ತಿದ್ದದ್ದು ನಮ್ಮವರಿಗೆ.

ಆಗಲೇ ಕುರಕುಂಭದಿಂದ ಕರೆ ಬಂತು. ಅಲ್ಲಿಯ ಕಾರಖಾನೆಯವರು ಟೀಮ್ ಕಟ್ಟುತ್ತಿದ್ದರು. ಪಕ್ಕಾ ನೌಕರಿ, ಇರಲು ಕ್ವಾರ್ಟರ್ಸು, ಸಂಜೆ ಆಟ. ಮೈದುನ ಅಣ್ಣನ ಮುಂದೆ ಬಂದು ನಿಂತ. ನಾನು ಒಳಗೆ ಚಪಾತಿ ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಿದೆ.

"ಹೋಗ್ಲೇನಣ್ಣಾ?"

ನಮ್ಮವರು ಪೇಪರು ಇಳಿಸಲಿಲ್ಲ. "ನಿನ್ನ ಮರ್ಜಿಪಾ," ಅಂದರು.

ಅವನು ಸ್ವಲ್ಪ ಹೊತ್ತು ನಿಂತಿದ್ದು ಅಡುಗೆಮನೆಗೆ ಬಂದ. ನಾನು ನೇರ ಹೇಳಿದೆ, "ಹೋಗಬ್ಯಾಡೋ. ಇಲ್ಲೇ ಏನರ ಆಗ್ತದ." ಅವನು ನಕ್ಕು, "ಲೋಣಾವಳಾದವರ ಜೋಡಿ ಮ್ಯಾಚ್ ಆದ ಮ್ಯಾಲೆ ಹೇಳ್ತೀನಿ ಅಂತ ಕಾರಖಾನಿಯವ್ರಿಗೆ ಅಂದೀನ್ರಿ ವೈನಿ. ಅಣ್ಣಾ ಏನಂತಾನ ನೋಡೂಣು," ಅಂದ. ಅತ್ತಿಗೆಗೆ ನಮ್ಮ ಕಡೆ ವೈನಿ ಅನ್ನುವುದು. ಅವನ ಬಾಯಲ್ಲಿ ಅದು ಕೇಳಲು ಚೆಂದವಿತ್ತು.

ಅವನು ಆ ಕಡೆ ಹೋದಮೇಲೆ ನಾನು ನಮ್ಮವರ ಮೇಲೆ ಹರಿಹಾಯ್ದೆ. "ಅಲ್ರೀ, ನಿಮಗ ಅಂವಾ ಇಲ್ಲೇ ಇರಬೇಕೋ ಬ್ಯಾಡೋ?"

"ಇರಬೇಕು. ಅವನ್ನ ಬಿಟ್ಟು ನನಗ್ಯಾರಿದ್ದಾರ?"

"ಮತ್ತ ಬಾಯಿಬಿಟ್ಟು ಹೇಳ್ರಿ, ಹೋಗಬ್ಯಾಡ ಅಂತ!"

"ಹೆಂಗ ಹೇಳ್ಲಿ? ಚೊಲೋ ನೌಕರಿ ಬಂದದ. ಅವನ ಹಣೇಬರಹಕ್ಕ ನಾ ಅಡ್ಡ ಬರಲೇನು? ನೀ ಸುಮ್ನಿರು, ನಾ ಒಂದು ವಿಚಾರ ಮಾಡೀನಿ."

ಅವರ ವಿಚಾರ ಏನೆಂದರೆ, ತಮ್ಮ ಒಂದು ಸಲ ಗಣಪತಿಯ ಮುಂದೆ ಕಾಯಿ ಒಡೆದುಬಿಟ್ಟರೆ ಅವನ ಮನಸ್ಸು ಇಲ್ಲೇ ನಿಲ್ಲುತ್ತದೆ ಎಂಬುದು! ಪೇಟೆ ತನ್ನನ್ನು ಮಾನ್ಯ ಮಾಡಿತು ಅಂತ ಅವನಿಗೆ ಅನಿಸಿದರೆ ಸಾಕು, ಕುರಕುಂಭ ಮರೆಯುತ್ತಾನೆ ಅಂತ. ಮಾಸ್ತರರ ಕಿವಿಗೆ ಹಾಕಿದರು, ಏಜೆಂಟರ ಕಿವಿಗೆ ಹಾಕಿದರು. ಇಬ್ಬರೂ ವಾಹ್ವಾ ಅಂದರು. ಮಾಸ್ತರರು ಟೀಮಿನ ಹುಡುಗರನ್ನು ಕರೆದು, "ಈ ಮ್ಯಾಚಿನಾಗ ಎಲ್ಲಾ ಪಾಸ್ ಅವನಿಗೇ ಕೊಡಬೇಕು, ಬಾಸ್ಕೆಟ್ ಅವನೇ ಹಾಕಬೇಕು," ಎಂದು ತಾಕೀತು ಮಾಡಿದರು. ಮೈದುನನಿಗೆ ಮಾತ್ರ ಯಾರೂ ಹೇಳಲಿಲ್ಲ.

ಪಂದ್ಯ ಲೋಣಾವಳಾದ ಟೀಮಿನ ಜೊತೆ. ನಾನೂ ನೆರೆಮನೆಯವರೊಂದಿಗೆ ಕೋರ್ಟಿನ ಕಟ್ಟೆಯ ಮೇಲೆ ಕೂತಿದ್ದೆ. ನಮ್ಮವರ ಕೈಚೀಲದಲ್ಲಿ ದಪ್ಪನೆಯ ತೆಂಗಿನಕಾಯಿ, ಜುಟ್ಟು ಸವರಿ ಸವರಿ ನೋಡುತ್ತಿದ್ದರು. ಆಟ ಶುರುವಾಯಿತು. ಮೈದುನ ಎಂದಿನಂತೆ ಹಿಂದೆ ಹೋಗಿ ನಿಂತರೆ ಹುಡುಗರು ಮುಂದೆ ಬಾ ಮುಂದೆ ಬಾ ಎಂದು ಕೂಗುವುದು. ಹೋದರೆ ಚೆಂಡು ಕೈಗೆ ಬಂತು. ಬೇರೆಯವನಿಗೆ ಕೊಟ್ಟ, ಅವನು ಇವನಿಗೇ ವಾಪಸ್ ಕೊಟ್ಟ. ಮತ್ತೆ ಕೊಟ್ಟ, ಮತ್ತೆ ವಾಪಸ್. ಬೇರೆ ದಾರಿ ಕಾಣದೆ ಎಸೆದ, ಚೆಂಡು ಬೋರ್ಡಿಗೂ ತಾಗದೆ ಗುಡಿಯ ಕಡೆ ಹೋಯಿತು. ಜನ ನಕ್ಕರು. ಇತ್ತ ಲೋಣಾವಳಾದ ಎತ್ತರದ ಹುಡುಗನನ್ನು ತಡೆಯುವವರೇ ಇಲ್ಲ. ಸ್ವಂತ ಮನೆಯ ಅಂಗಳದಲ್ಲಿ ಓಡಾಡಿದ ಹಾಗೆ ಬಂದ, ಹಾಕಿದ, ಹೋದ. ಮೈದುನ ಅವನ ಹಿಂದೆ ಓಡುವುದು, ಹುಡುಗರು ಇವನನ್ನು ಮುಂದಕ್ಕೆ ಕರೆಯುವುದು. ನನಗೆ ನೋಡಲಾಗಲಿಲ್ಲ. ಕಣ್ಣೀರು ಬಂತು, ಸಿಟ್ಟೂ ಬಂತು.

ಸೋತೆವು, ಸೋತದ್ದೆಂದರೆ ಮಣ್ಣುಮುಕ್ಕಿದ ಹಾಗೆ. ಲೋಣಾವಳಾದವರು ಒಳ್ಳೆಯ ಜನ, ಹೋಗುವಾಗ ಎಲ್ಲರಿಗೂ ಚಿಕ್ಕಿ ಹಂಚಿ ಹೋದರು. ಆ ಚಿಕ್ಕಿಯನ್ನು ನಾನು ಬಾಯಿಗೆ ಹಾಕಲಿಲ್ಲ. ನಮ್ಮವರು ಕೈಚೀಲ ಎದೆಗವಚಿಕೊಂಡು, ಯಾರ ಮುಖವನ್ನೂ ನೋಡದೆ, ನನ್ನನ್ನೂ ಹಿಂದೆ ಬಿಟ್ಟು ಸರಸರ ಮನೆಗೆ ನಡೆದರು. ನಾನು ಮೈದುನನನ್ನು ಹುಡುಕಿದೆ. ಹುಡುಗರ ನಡುವೆ ಕಾಣಲಿಲ್ಲ, ಮನೆಗೆ ಬಂದಿರಬೇಕೆಂದು ಬಂದೆ. ಬಹಳ ಹೊತ್ತಿನ ಮೇಲೆ ಬಂದ. ಅನ್ನ ಸಾರು ಉಂಡ. ಅಣ್ಣ ತಮ್ಮ ಒಬ್ಬರ ಕಡೆ ಒಬ್ಬರು ನೋಡಲಿಲ್ಲ. ಮರುದಿನ ಮುಂಜಾನೆಯ ಗಾಡಿಗೆ ದೌಂಡಿಗೆ ಹೋಗಿ, ಅಲ್ಲಿಂದ ಕುರಕುಂಭಕ್ಕೆ ಹೋಗಿ, ನೌಕರಿಗೆ ಬರುತ್ತೇನೆ ಅಂತ ಕಾರಖಾನೆಯವರಿಗೆ ಹೇಳಿ ಬಂದ. ಕಾಯಿಯನ್ನು ನಾನು ಚಟ್ನಿ ಮಾಡಿದೆ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಅಲ್ಲಿ ಅವನು ನೆಲೆ ನಿಂತ, ಮದುವೆಯಾದ, ಮಕ್ಕಳಾದವು. ಕಾರಖಾನೆಯ ಟೀಮ್ ನಮ್ಮ ಕೋರ್ಟಿಗೆ ಬಂದಾಗೆಲ್ಲ ನಮ್ಮ ಹುಡುಗರ ಮುಂದೆಯೇ ಕೈ ಅಗಲಿಸಿ ನಿಂತ. ಗೆದ್ದ ಮೇಲೆ ಮನೆಗೆ ಬಂದು ಊಟ ಮಾಡಿ, ನನ್ನ ಹತ್ತಿರ ಮಾತಾಡಿ, ಅಣ್ಣನಿಗೆ "ಬರ್ತೀನಿ" ಅಂದು ಹೋಗುತ್ತಿದ್ದ. ಇಲ್ಲಿ ಈ ಮೂವರ ಪಂಚಾಯತಿ ಶುರುವಾಯಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ!

ಎರಡು ಸಾವಿರದ ಇಸವಿಯ ನಂತರದ ಒಂದು ಭಾನುವಾರ. ನನಗೆ ಮಂಡಿನೋವು, ಕೆಲಸದವಳು ಬಂದಿರಲಿಲ್ಲ. ಚಹಾದ ತಟ್ಟೆ ಹಿಡಿದು ಹೊರಗೆ ಬಂದರೆ ಅದೇ ಪಕ್ಕಾ ನೌಕರಿ, ಅದೇ ಸರಕಾರ, ಅದೇ ಕಿಮ್ಮತ್ತು.

"ಆ ಪಾಸ್ ಕೊಡೂ ಐಡಿಯಾ ಒಂದು ಕೆಡಿಸ್ತು ನೋಡ್ರಿ," ಏಜೆಂಟರು ಅಂದರು, ಅವತ್ತು ತಾವೂ ವಾಹ್ವಾ ಅಂದದ್ದನ್ನು ಮರೆತವರ ಹಾಗೆ. "ಯಾರ್ದದು?"

ಮಾಸ್ತರರು ನಮ್ಮವರ ಕಡೆ ನೋಡಿ, "ಜಾಉ ದ್ಯಾ ಹೋ, ಹೋಗ್ಲಿ ಬಿಡ್ರಿ," ಅಂದರು.

ನಾನು ತಟ್ಟೆಯನ್ನು ಟೀಪಾಯಿ ಮೇಲೆ ಕುಕ್ಕಿದೆ. "ನಿಮ್ಮ ಮೂರೂ ಮಂದಿಗೆ ಒಂದು ಕೇಳ್ತೀನ್ರಿ. ಇಷ್ಟು ವರ್ಷ ಚರ್ಚಾ ಮಾಡೀರಿ. ನೌಕರಿ ಅಂದ್ರಿ, ಕಾಯಿ ಅಂದ್ರಿ. ನಿಮ್ಮೊಳಗ ಒಬ್ಬರರ ಆ ಹುಡುಗಗ ‘ಹೋಗಬ್ಯಾಡ, ನೀ ಬೇಕು ನಮಗ’ ಅಂತ ಹೇಳಿದ್ರೇನು?"

ಏಜೆಂಟರು ನಮ್ಮವರ ಕಡೆ ನೋಡಿದರು. ನಮ್ಮವರು, "ಹೇಳಬೇಕೇನು ಅದನ್ನ? ಅವನಿಗೆ ಗೊತ್ತಿರ್ಲಿಲ್ಲೇನು?" ಅಂದರು. ದನಿಯಲ್ಲಿ ಜೋರಿರಲಿಲ್ಲ. ಅವತ್ತು ಇಬ್ಬರೂ ಬೇಗ ಎದ್ದುಹೋದರು, ಅವಲಕ್ಕಿ ಹಾಗೇ ಉಳಿಯಿತು.

ದೀಪ ಹಚ್ಚುವ ಹೊತ್ತಿಗೆ ನಮ್ಮವರು ಫೋನಿನ ಹತ್ತಿರ ಹೋಗಿ ಕೂತು ತಮ್ಮನಿಗೆ ಫೋನ್ ಹಚ್ಚಿದರು. ಮೊದಲು ಮಕ್ಕಳ ಶಾಲೆ ಕೇಳಿದರು, ಆಮೇಲೆ ದೌಂಡ ಕಡೆ ಮಳೆ ಹೇಗೆ ಅಂದರು. ಕೊನೆಗೆ, "ಅಲ್ಲೋ, ಅವತ್ತ ನಾ ಹೋಗಬ್ಯಾಡ ಅಂದಿದ್ರ ನೀ ಇರ್ತಿದ್ದೇನು?" ಎಂದು ಕೇಳಿದರು. ಆ ಕಡೆಯವನು ಏನೋ ಹೇಳಿದ. ಇವರು "ಹೂಂ" ಅಂದರು, ಮತ್ತೆ "ಹೂಂ" ಅಂದರು, ಫೋನಿಟ್ಟರು.

"ಏನಂದಾ?" ನಾನು ಕೇಳಿದೆ.

"ಮ್ಯಾಚ್ ಮುಗದ ಮ್ಯಾಲೆ ಗುಡಿ ಹಿಂದ ನಿಂತಿದ್ನಂತ. ಮಂದಿ ಎಲ್ಲಾ ಹೋಗೂತನಾ ನಿಂತಿದ್ನಂತ. ನಾ ಬಂದು, ನಡಿ ಮನಿಗೆ ಹೋಗೂಣು ಅಂತೀನಿ ಅಂತ ಹಾದಿ ನೋಡಿದ್ನಂತ."

ಬೈಯಲು ನನ್ನ ಬಾಯಲ್ಲಿ ಮಾತು ಸಿದ್ಧವಾಗಿಯೇ ಇತ್ತು, ಇಷ್ಟು ವರ್ಷದಿಂದ ಇತ್ತು. ಅವರ ಮುಖ ನೋಡಿ ಸುಮ್ಮನಾದೆ. ಅವರು ಫೋನಿನ ಮೇಲಿಟ್ಟ ಕೈ ತೆಗೆದಿರಲಿಲ್ಲ.

"ನಾ ಕಾಯಿ ಮುಚ್ಚಿಕೊಂಡು ಬಂದುಬಿಟ್ಟೆ ನೋಡು," ಅಂದರು.